ಮಾಳಿಗೆ ಮನೆ ಕೆಡವಬೇಕಾ, ಉಳಿಸಿಕೊಳ್ಳಬೇಕಾ?

ಓದುಗರ ಪ್ರಶ್ನೆ: ನಮ್ಮದು ಗದಗ ಜಿಲ್ಲೆ ರೋಣ ತಾಲೂಕಿನ ಒಂದು ಹಳ್ಳಿ. ಅಜ್ಜ ಕಟ್ಟಿಸಿದ ಮಾಳಿಗೆ ಮನೆ, ಸುಮಾರು 80 ವರ್ಷ ಹಳೆಯದು. ಕಲ್ಲು-ಮಣ್ಣಿನ ಗೋಡೆ, ಸಾಗವಾನಿ ಕಂಬ, ಮೇಲೆ ಮರದ ಜಂತಿ, ಅದರ ಮೇಲೆ ಮಣ್ಣು ಹಾಕಿದ ಸಪಾಟು ಮಾಳಿಗೆ. ಹೋದ ಎರಡು ಮಳೆಗಾಲ ಅಡುಗೆಮನೆ ಸೋರಿತು. ಹಿತ್ತಲ ಕಡೆಯ ಗೋಡೆ ಸ್ವಲ್ಪ ಉಬ್ಬಿದೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಊರಲ್ಲಿ ಅವ್ವ (74 ವರ್ಷ), ತಮ್ಮ, ತಮ್ಮನ ಹೆಂಡತಿ, ಅವರ ಇಬ್ಬರು ಮಕ್ಕಳು ಇದ್ದಾರೆ. ಒಂದು ಜೋಡಿ ಎತ್ತು, ಒಂದು ಎಮ್ಮೆ ಇವೆ. ಅವನ್ನು ಮನೆಯೊಳಗಿನ ದನದ ಅಂಕಣದಲ್ಲೇ ಕಟ್ಟುತ್ತೇವೆ. ಗುತ್ತಿಗೆದಾರರು ಎಲ್ಲ ಕೆಡವಿ 30×40ರ ಆರ್‌ಸಿಸಿ ಮನೆ ಕಟ್ಟೋಣ ಅಂತಾರೆ. ತಮ್ಮನ ಹೆಂಡತಿಗೆ ಬೆಳಕಿರುವ ಅಡುಗೆಮನೆ ಬೇಕು, ಮನೆಗೆ ಹತ್ತಿದಂತೆ ಶೌಚಾಲಯ ಬೇಕು. ಅವ್ವ ‘ನಾ ಪಡಸಾಲಿ ಬಿಟ್ಟು ಬರಂಗಿಲ್ಲ’ ಅಂತ ಕೂತಿದ್ದಾಳೆ. ಪಕ್ಕದವರು ಮೂರು ವರ್ಷದ ಹಿಂದೆ ಆರ್‌ಸಿಸಿ ಮನೆ ಕಟ್ಟಿಸಿದರು. ಬೇಸಿಗೆಯಲ್ಲಿ ರಾತ್ರಿ ಅವರು ರಸ್ತೆಯ ಮೇಲೆ ಮಲಗುತ್ತಾರೆ. ಅವರ ಗೋಡೆ ಆಗಲೇ ಬಿರುಕು ಬಿಟ್ಟಿದೆ. ಮಣ್ಣಿನ ಮನೆ ನಿಜಕ್ಕೂ ಅಪಾಯವೇ? ಹಳೆ ಗೋಡೆ ಮೇಲೆಯೇ ಸ್ಲ್ಯಾಬ್ ಹಾಕಬಹುದೇ? ಶೌಚಾಲಯ ಮನೆಗೆ ಹತ್ತಿಸಿದರೆ ವಾಸ್ತು ದೋಷ ಎನ್ನುತ್ತಾರೆ, ಏನು ಮಾಡಲಿ? ನಮ್ಮ ಮನೆ ಊರಿನ ದಿಬ್ಬದ ಮೇಲಿದೆ. 2009ರಲ್ಲಾಗಲಿ 2019ರಲ್ಲಾಗಲಿ ಹೊಳೆ ನೀರು ಬಂದಿಲ್ಲ.

ಉತ್ತರ:

ಮೊದಲು ಆ ಉಬ್ಬಿದ ಗೋಡೆಯ ಮಾತು. ಅದರ ಪಕ್ಕ ಯಾರೂ ಮಲಗುವುದು ಬೇಡ, ದನವನ್ನೂ ಕಟ್ಟುವುದು ಬೇಡ. ಮಳೆ ಶುರುವಾಗುವ ಮುಂಚೆ ಆ ಭಾಗದ ಮಾಳಿಗೆಯ ಕೆಳಗೆ ಗಟ್ಟಿ ಮರದ ಊರುಗೋಲು ಕೊಡಿಸಿ. ಇದೊಂದನ್ನು ಈ ವಾರವೇ ಮಾಡಿ. ಉಳಿದದ್ದನ್ನೆಲ್ಲ ನಿಧಾನವಾಗಿ ಯೋಚಿಸಬಹುದು. ಯೋಚಿಸಲೇಬೇಕು ಕೂಡ, ಯಾಕೆಂದರೆ 80 ವರ್ಷದ ಮನೆಯನ್ನು ಜೆಸಿಬಿ ಅರ್ಧ ದಿನದಲ್ಲಿ ನೆಲಸಮ ಮಾಡುತ್ತದೆ. ಆಮೇಲೆ ಮನಸ್ಸು ಬದಲಾಯಿಸಲು ಆಗುವುದಿಲ್ಲ.

ಧಾರವಾಡದಲ್ಲಿದ್ದುಕೊಂಡು ಈ ಸೀಮೆಯ ಮನೆಗಳ ವಿನ್ಯಾಸ, ದುರಸ್ತಿ ಮಾಡುತ್ತ ನನಗೆ 25 ವರ್ಷ ದಾಟಿದೆ. ನಿಮ್ಮಂಥ ಪ್ರಶ್ನೆ ವರ್ಷಕ್ಕೆ ಹತ್ತಾರು ಬರುತ್ತವೆ. ಬಹುತೇಕ ಎಲ್ಲರೂ ‘ಮಣ್ಣೋ, ಸಿಮೆಂಟೋ’ ಎಂದೇ ಕೇಳುತ್ತಾರೆ. ನಿಮ್ಮ ಪತ್ರದಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ ಅಡಗಿದೆ. ಆ ಮನೆಯಲ್ಲಿ ಯಾರು, ಯಾವ ಹೊತ್ತಿಗೆ, ಏನು ಮಾಡುತ್ತಾರೆ? ಗುತ್ತಿಗೆದಾರರ ನಕ್ಷೆಯಲ್ಲಿ ಎತ್ತಿಗೆ ಜಾಗವಿದೆಯೇ? ರೊಟ್ಟಿ ಬಡಿಯಲು ಜಾಗವಿದೆಯೇ? ಜೋಳದ ಚೀಲ ಎಲ್ಲಿ ಇಡುತ್ತೀರಿ? ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಹೆದರಿಕೆಯ ವಿಷಯ ಮುಗಿಸೋಣ.

ಮಣ್ಣಿನ ಮನೆ ಅಂದರೆ ಅಪಾಯ ಎನ್ನುವುದು ಅರ್ಧ ಸತ್ಯ. ಹಿಂದಿನವರು ಕಟ್ಟಿದ್ದೆಲ್ಲ ಗಟ್ಟಿ ಎನ್ನುವುದೂ ಅರ್ಧ ಸತ್ಯವೇ. ನಿಮ್ಮ ಮಾಳಿಗೆ ಹೇಗೆ ಕೆಲಸ ಮಾಡುತ್ತದೆ ನೋಡಿ. ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ. ಅದರ ಮೇಲೆ ಕಟ್ಟಿಗೆ ಚಕ್ಕೆ, ಬಂದರಿಕೆಯಂಥ ಸೊಪ್ಪು. ಅದರ ಮೇಲೆ ಮಣ್ಣು, ಎಲ್ಲಕ್ಕಿಂತ ಮೇಲೆ ಸವಳು ಮಣ್ಣಿನ ಪದರ. ಈ ಸವಳು ಮಣ್ಣನ್ನು ಹಿರಿಯರು ಸುಮ್ನೆ ಆರಿಸಿಕೊಂಡದ್ದಲ್ಲ. ಅದರಲ್ಲಿ ಸೋಡಿಯಂ ಅಂಶ ಜಾಸ್ತಿ. ಹೊಲದಲ್ಲಿ ಅದು ಬೆಳೆಗೆ ಕೇಡು, ಯಾಕೆಂದರೆ ನೀರು ಬಿದ್ದರೆ ಅದರ ನುಣ್ಣನೆ ಕಣಗಳು ಬಿಡಿಬಿಡಿಯಾಗಿ ಹರಡಿ ಸಂದುಗಳನ್ನೆಲ್ಲ ಮುಚ್ಚುತ್ತವೆ, ನೀರು ಕೆಳಗಿಳಿಯಲು ಬಿಡುವುದಿಲ್ಲ. ಹೊಲಕ್ಕೆ ಕೇಡಾದ ಅದೇ ಗುಣ ಮಾಳಿಗೆಗೆ ವರ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಗದಗ ಸೀಮೆಗೆ ಇದು ಸಾಕಾಗುತ್ತಿತ್ತು.

ಹಾಗಾದರೆ ಈಗ ಯಾಕೆ ಸೋರುತ್ತದೆ? ಪ್ರತಿ ವರ್ಷ ಮಳೆಗೆ ಮುಂಚೆ ಹಳೆ ಸವಳು ಕೆರೆದು ತೆಗೆದು ಹೊಸದು ಹಾಕಬೇಕಿತ್ತು. ಕೆರೆಯುವ ಕೆಲಸಕ್ಕೆ ಆಳು ಸಿಗಲಿಲ್ಲ. ಹಾಗಾಗಿ ಹಳೆಯದರ ಮೇಲೆಯೇ ಹೊಸದು ಸುರಿಯುತ್ತ ಬಂದರು. ಒಂದು ಅಡಿ ಇದ್ದ ಮಣ್ಣು ಎರಡು ಅಡಿಯಾದ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಲೆಕ್ಕ ಹಾಕಿ. ಒಂದು ಘನ ಅಡಿ ಒಣ ಮಣ್ಣು ಸುಮಾರು 45ರಿಂದ 50 ಕೆಜಿ. ಹತ್ತು ಅಡಿಗೆ ಹತ್ತು ಅಡಿಯ ಮಾಳಿಗೆಯ ಮೇಲೆ ಒಂದು ಅಡಿ ಮಣ್ಣಿದ್ದರೆ ಹತ್ತಿರ ಹತ್ತಿರ 5 ಟನ್. ಎರಡು ಅಡಿಯಾದರೆ 10 ಟನ್. ಮಳೆಯಲ್ಲಿ ನೆನೆದರೆ ಇನ್ನೂ ಜಾಸ್ತಿ. ಅದೇ ಜಾಗಕ್ಕೆ 5 ಇಂಚಿನ ಆರ್‌ಸಿಸಿ ಸ್ಲ್ಯಾಬ್ ಹಾಕಿದರೆ ಸುಮಾರು 3 ಟನ್. ಅಜ್ಜ 5 ಟನ್ನಿಗೆಂದು ಇಟ್ಟ ತೊಲೆ ಈಗ ಅದರ ಎರಡರಷ್ಟು ಹೊತ್ತಿರಬಹುದು. ಮಣ್ಣಿನ ಮನೆ ಬೀಳುವುದು ಹೆಚ್ಚಾಗಿ ಹೀಗೆ. ಅದು ಮಣ್ಣಿನ ತಪ್ಪಲ್ಲ, ನಿಂತುಹೋದ ಆರೈಕೆಯ ತಪ್ಪು.

ಗೋಡೆಯ ಕಥೆ ಬೇರೆ. ಇಲ್ಲಿ ಹಳೆಯ ಕ್ರಮದಲ್ಲೇ ಒಂದು ದೋಷವಿದೆ, ಮುಚ್ಚಿಡುವುದು ಸರಿಯಲ್ಲ. ಎರಡು-ಮೂರು ಅಡಿ ದಪ್ಪದ ಈ ಗೋಡೆ ಒಂದೇ ಗೋಡೆಯಲ್ಲ. ಒಳಮುಖಕ್ಕೊಂದು, ಹೊರಮುಖಕ್ಕೊಂದು ಕಲ್ಲಿನ ಸಾಲು, ನಡುವೆ ಚೂರುಗಲ್ಲು, ಮಣ್ಣು. ಈ ಮುಖದಿಂದ ಆ ಮುಖಕ್ಕೆ ಹಾಯುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಇಟ್ಟಿದ್ದರೆ ಎರಡೂ ಸಾಲು ಕೈಹಿಡಿದು ನಿಲ್ಲುತ್ತವೆ. ಇಡದಿದ್ದರೆ, ಮೇಲಿಂದ ನೀರು ಇಳಿದು ನಡುವಿನ ಮಣ್ಣು ನೆನೆದಾಗ ಸಾಲುಗಳು ಬೇರೆಯಾಗುತ್ತವೆ. ಆ ಬೇರೆಯಾಗುವಿಕೆಯೇ ನಿಮ್ಮ ಹಿತ್ತಲ ಗೋಡೆಯ ಉಬ್ಬು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಸಾವಿರಾರು ಜನ ಸತ್ತದ್ದು ಇಂಥ ಗೋಡೆಗಳು, ಭಾರದ ಮಾಳಿಗೆಗಳು ಮಲಗಿದವರ ಮೇಲೆ ಬಿದ್ದು. ಕಿಲ್ಲಾರಿ ನಮ್ಮ ಬೀದರ್, ಕಲಬುರಗಿ ಗಡಿಯಿಂದ ದೂರವಿಲ್ಲ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ನೆಲ ಪದೇ ಪದೇ ನಡುಗಿದಾಗ ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದ್ದರು. ಆ ಹೆದರಿಕೆಗೆ ಕಾರಣವಿತ್ತು.

ಆದ್ದರಿಂದ ನಿಮ್ಮ ಮನೆ ಯಾವ ಸ್ಥಿತಿಯಲ್ಲಿದೆ ಎಂದು ಪತ್ರ ಓದಿ ಹೇಳಲಾಗುವುದಿಲ್ಲ, ಮುಟ್ಟಿ ನೋಡಬೇಕು. ನಿಮ್ಮ ತಮ್ಮ ಇವತ್ತೇ ಮಾಡಬಹುದಾದ ಪರೀಕ್ಷೆಗಳಿವೆ. ಗೋಡೆಯೊಳಗೆ ಹೊಕ್ಕ ತೊಲೆಯ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಲಿ. ಗಾಳಿಯಾಡದ ಆ ತುದಿಯೇ ಮೊದಲು ಕೊಳೆಯುವುದು, ಒರಲೆ (ಗೆದ್ದಲು) ಹತ್ತುವುದೂ ಅಲ್ಲೇ. ಅರ್ಧ ಇಂಚಿಗಿಂತ ಒಳಗೆ ಸಲೀಸಾಗಿ ಹೋದರೆ ಆ ತೊಲೆ ಬದಲಾಯಿಸಬೇಕು. ಸುತ್ತಿಗೆಯಿಂದ ಮೆಲ್ಲಗೆ ಬಡಿದಾಗ ಗಣ್ ಎಂದರೆ ಮರ ಗಟ್ಟಿ, ಡಬ್ ಎಂದರೆ ಒಳಗೆ ಪೊಳ್ಳು. ಮೂಲೆಗಳಲ್ಲಿ ಮೇಲಿಂದ ಕೆಳಗೆ ಬಿರುಕಿದೆಯೇ ನೋಡಲಿ. ಮಾಳಿಗೆಯ ಮೇಲೆ ಒಂದು ಕಡೆ ಅಗೆದು ಮಣ್ಣು ಎಷ್ಟು ದಪ್ಪವಿದೆ ಎಂದು ಅಳೆಯಲಿ. ರಾತ್ರಿ ನಿಶ್ಶಬ್ದವಿದ್ದಾಗ ಜಂತಿಯ ಸಂದಿನಿಂದ ಮಣ್ಣು ಉದುರುವ ಸದ್ದು ಬರುತ್ತಿದ್ದರೆ ತಡಮಾಡಬೇಡಿ. ಇಷ್ಟಾದ ಮೇಲೆ ಹಳೆ ಮನೆ ದುರಸ್ತಿಯ ಅನುಭವವಿರುವ ಎಂಜಿನಿಯರ್ ಒಬ್ಬರನ್ನು ಕರೆಸಿ. ಬರೀ ಹೊಸ ಮನೆ ಕಟ್ಟಿದವರಿಗೆ ಕೆಡವಿ ಎನ್ನುವುದೊಂದೇ ಗೊತ್ತಿರುತ್ತದೆ.

ಈಗ ಪಕ್ಕದವರ ಆರ್‌ಸಿಸಿ ಮನೆ. ಅವರ ಎರಡೂ ತೊಂದರೆಗೆ ಸಿಮೆಂಟ್ ಕಾರಣವಲ್ಲ, ಈ ಬಿಸಿಲು ಮತ್ತು ಈ ನೆಲ ಯಾವುದೆಂದು ಕೇಳದೆ ಕಟ್ಟಿದ್ದು ಕಾರಣ. ಏಪ್ರಿಲ್ ಮಧ್ಯಾಹ್ನ ಬರಿಯ ಸ್ಲ್ಯಾಬಿನ ಮೇಲ್ಮೈ 50 ಡಿಗ್ರಿ ದಾಟುತ್ತದೆ. 5 ಇಂಚಿನ ಕಾಂಕ್ರೀಟ್ ದಾಟಿ ಆ ಕಾವು ಕೆಳಗಿಳಿಯಲು ಮೂರು-ನಾಲ್ಕು ಗಂಟೆ ಸಾಕು. ಅಂದರೆ ಸರಿಯಾಗಿ ಊಟ ಮಾಡಿ ಮಲಗುವ ಹೊತ್ತಿಗೆ ಇಡೀ ಸ್ಲ್ಯಾಬ್ ಕಾದ ಹಂಚಿನಂತೆ ತಲೆ ಮೇಲಿರುತ್ತದೆ. ಒಂದು ಅಡಿ ಮಣ್ಣಿಗೆ ಇದೇ ಕೆಲಸಕ್ಕೆ ಸುಮಾರು 10 ಗಂಟೆ ಬೇಕು, ಅಷ್ಟರಲ್ಲಿ ಹೊರಗೆ ತಂಪಾಗಿರುತ್ತದೆ, ಕಾವು ಮೇಲ್ಗಡೆಯಿಂದಲೇ ವಾಪಸ್ ಹೋಗುತ್ತದೆ. ಬೆಳಕಿಂಡಿ ತೆರೆದಿದ್ದರೆ ಮೇಲೇರಿದ ಬಿಸಿಗಾಳಿ ಅಲ್ಲಿಂದ ಹೊರಬೀಳುತ್ತದೆ. ಅವ್ವ ಪಡಸಾಲೆ ಬಿಡುವುದಿಲ್ಲ ಎನ್ನುವುದರಲ್ಲಿ ಅಭಿಮಾನ ಮಾತ್ರ ಇದೆ ಎಂದುಕೊಳ್ಳಬೇಡಿ. ಅವರ ಮೈಗೆ ಈ ವ್ಯತ್ಯಾಸ ಗೊತ್ತು.

ಬಿರುಕಿಗೆ ಕಾರಣ ನಿಮ್ಮ ಕಪ್ಪು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಸೀಳುತ್ತದೆ. ಇದರ ಮೇಲೆ ನಾಲ್ಕು ಅಡಿ ಆಳದಲ್ಲಿ ಪಾಯ ನಿಲ್ಲಿಸಿದರೆ ಮನೆ ಪ್ರತಿ ವರ್ಷ ಏರಿ ಇಳಿಯುತ್ತದೆ. ಮಣ್ಣಿನ ಗಾರೆಯ ಗೋಡೆ ಅಷ್ಟಿಷ್ಟು ಮಿಸುಕಾಡಿ ತಾಳಿಕೊಳ್ಳುತ್ತದೆ. ಸಿಮೆಂಟ್ ಗೋಡೆ ಬಗ್ಗುವುದಿಲ್ಲ, ಸೀಳುತ್ತದೆ. ಹೊಸದು ಏನೇ ಕಟ್ಟಿದರೂ ಎರೆ ದಾಟಿ ಗಟ್ಟಿ ಗರಸು ಸಿಗುವ ತನಕ ಅಗೆಯಬೇಕು. ಗರಸು ತೀರಾ ಆಳದಲ್ಲಿದ್ದರೆ ಪೈಲ್, ಅಂದರೆ ನೆಲದಾಳಕ್ಕಿಳಿಸುವ ಕಾಂಕ್ರೀಟ್ ಕಂಬ, ಹಾಕಬೇಕು. ಬುಡದಲ್ಲಿ ಗೆಡ್ಡೆಯಂತೆ ಉಬ್ಬಿರುವ ಒಂದು ಬಗೆಯ ಪೈಲನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆಂದೇ ರೂಪಿಸಿದೆ. ಮನೆಯ ಸುತ್ತ ಮೂರು-ನಾಲ್ಕು ಅಡಿ ಫರಸಿ ಹಾಸಿ, ನೀರು ಪಾಯಕ್ಕಿಳಿಯದಂತೆ ಹೊರಕ್ಕೆ ಇಳಿಜಾರು ಕೊಡಿ. ಇದಕ್ಕೆ ತಗಲುವ ಖರ್ಚು ಕಡಿಮೆ, ಉಪಕಾರ ದೊಡ್ಡದು.

ಇನ್ನು ನಾನು ಮುಂದೂಡಿದ ಪ್ರಶ್ನೆ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ನೆರೆ ನಿಮಗೆ ನೆನಪಿದೆ. ಆಮೇಲೆ ಸರ್ಕಾರ ‘ಆಸರೆ’ ಹೆಸರಿನಲ್ಲಿ, ದಾನಿಗಳ ನೆರವಿನಿಂದ, ಎತ್ತರದ ಜಾಗಗಳಲ್ಲಿ ಹೊಸ ಊರುಗಳನ್ನು ಕಟ್ಟಿತು. ಒಳ್ಳೆಯ ಉದ್ದೇಶ, ದೊಡ್ಡ ಕೆಲಸ. ಆದರೂ ಎಷ್ಟೋ ಕಡೆ ಆ ಮನೆಗಳು ವರ್ಷಗಟ್ಟಲೆ ಖಾಲಿ ಉಳಿದವು. ಜನ ಅದೇ ಹಳೆ ಊರಿಗೆ, ಬಿರುಕು ಬಿಟ್ಟ ಮನೆಗೆ ವಾಪಸಾದರು. ಹೊರಗಿನವರು ‘ಇವರಿಗೆ ಕೊಟ್ಟರೂ ಬೇಡ’ ಎಂದು ಬೈದರು. ನಾನು ಅಂಥ ಕೆಲವು ಊರುಗಳಲ್ಲಿ ಓಡಾಡಿ ಜನರನ್ನು ಮಾತಾಡಿಸಿದ್ದೇನೆ. ಅವರ ಕಾರಣಗಳು ನೇರವಾಗಿದ್ದವು. ದನ ಎಲ್ಲಿ ಕಟ್ಟಲಿ? ಮೇವು ಎಲ್ಲಿ ಒಟ್ಟಲಿ? ಹೊಲಕ್ಕೆ ದಿನಾ ಎಷ್ಟು ದೂರ ನಡೆಯಲಿ? ಇಬ್ಬರು ಮಕ್ಕಳಿಗೆ ಮದುವೆಯಾದರೆ ಈ ಒಂದು ಕೋಣೆಯಲ್ಲಿ ಹೇಗೆ? ಮನೆ ಗಟ್ಟಿಯಿತ್ತು, ಆದರೆ ಒಕ್ಕಲುತನ ಮಾಡುವವರ ಮನೆಯಾಗಿರಲಿಲ್ಲ.

ನೇಕಾರರದ್ದೂ ಇದೇ ಕಥೆ. ಗುಳೇದಗುಡ್ಡದ ಕುಟುಂಬವೊಂದು ಹೊಸ ಮನೆ ಕಟ್ಟಿಸಿ ನೆಲಕ್ಕೆಲ್ಲ ಟೈಲ್ಸ್ ಹಾಕಿಸಿತು. ಆಮೇಲೆ ಕುಣಿ ಮಗ್ಗ ಎಲ್ಲಿ ಹೂಡುವುದು ಎಂದು ನನ್ನ ಹತ್ತಿರ ಬಂದರು. ಕುಣಿ ಮಗ್ಗಕ್ಕೆ ನೆಲದಲ್ಲಿ ಕಾಲಿಳಿಬಿಡುವ ಗುಂಡಿ ಬೇಕು. ಮಣ್ಣಿನ ನೆಲದ ತೇವ ನೂಲು ಕಡಿಯದಂತೆ ಕಾಯುತ್ತದೆ. ಕೊನೆಗೆ ಒಂದು ಕೋಣೆಯ ಟೈಲ್ಸ್ ಒಡೆದು ಗುಂಡಿ ತೋಡಿದೆವು. ಕಟ್ಟುವ ಮುಂಚೆ ಒಂದು ಮಾತು ಕೇಳಿದ್ದರೆ ಆ ದುಡ್ಡು ಉಳಿಯುತ್ತಿತ್ತು, ಅಲ್ವಾ?

ನಿಮ್ಮ ಮನೆಗೆ ಬರುತ್ತೇನೆ. ಬೆಳಿಗ್ಗೆ ಐದಕ್ಕೆ ಏಳುವವರು ಯಾರು? ನನ್ನ ಅಂದಾಜು, ನಿಮ್ಮ ತಮ್ಮನ ಹೆಂಡತಿ. ಅವರು ಹೆಂಡಿ-ಕಸ ತೆಗೆದು, ನೀರು ತುಂಬಿ, ಎಮ್ಮೆ ಹಿಂಡಿ, ಆಮೇಲೆ ರೊಟ್ಟಿಗೆ ಕೂರುತ್ತಾರೆ. ಐದು ಜನರ ಮನೆ, ಹೊಲಕ್ಕೆ ಬುತ್ತಿ ಬೇರೆ. ಗುತ್ತಿಗೆದಾರರ ನಕ್ಷೆಯಲ್ಲಿ ಅಡುಗೆಮನೆ ಎಂದರೆ ನಿಂತು ಕೆಲಸ ಮಾಡುವ ಎರಡು ಅಡಿ ಅಗಲದ ಕಟ್ಟೆ. ಜೋಳದ ರೊಟ್ಟಿ ಬಡಿಯಲು ಕೂತ ಮೈಭಾರ ಬೇಕು, ಹಿಟ್ಟು ನಾದುವ ಕೊಣಮಿಗೆಯ ಸುತ್ತ ಜಾಗ ಬೇಕು, ರೊಟ್ಟಿ ಉಬ್ಬಲು ದೊಡ್ಡ ಉರಿ ಬೇಕು. ನಾನು ನೋಡಿದ ಎಷ್ಟೋ ಹೊಸ ಮನೆಗಳಲ್ಲಿ ಗ್ರಾನೈಟ್ ಕಟ್ಟೆಯ ಮೇಲೆ ಪಾತ್ರೆ ಜೋಡಿಸಿಟ್ಟು, ಹೆಣ್ಣುಮಕ್ಕಳು ಹಿತ್ತಲಲ್ಲಿ ತಗಡಿನ ಕೆಳಗೆ ಒಲೆ ಹೂಡಿಕೊಂಡಿದ್ದಾರೆ. ಲಕ್ಷಗಟ್ಟಲೆ ಸುರಿದ ಮೇಲೂ ಅವರ ಪಾಲಿಗೆ ಉಳಿದದ್ದು ಬಿಸಿಲು, ಹೊಗೆ. ನಿಮ್ಮ ಮನೆಯಲ್ಲಿ ಹಾಗಾಗಬಾರದು. ನಿಂತು ಮಾಡುವ ಗ್ಯಾಸ್ ಕಟ್ಟೆಯೂ ಇರಲಿ, ಪಕ್ಕದಲ್ಲೇ ನೆಲದಿಂದ ಆರೆಂಟು ಇಂಚಿನ ತಗ್ಗು ಕಟ್ಟೆ, ಅದರ ಮೇಲೆ ಚಿಮಣಿ, ಎದುರಿಗೆ ಪೂರ್ವದ ಕಿಟಕಿ. ಯಾವ ಎತ್ತರ ಎಂದು ಅವರನ್ನೇ ಕೂರಿಸಿ ಅಳತೆ ತೆಗೆದುಕೊಳ್ಳಿ.

ದನದ ಅಂಕಣದ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ದನದ ಜೊತೆ ಇರುವುದು ಹಿಂದುಳಿದವರ ಲಕ್ಷಣ ಎಂದು ಪೇಟೆಯವರು ತಿಳಿಯುತ್ತಾರೆ. ಆ ಅಂಕಣ ಬಂದದ್ದು ಲೆಕ್ಕಾಚಾರದಿಂದ. ಎತ್ತು ಒಕ್ಕಲಿಗರ ಮನೆಯ ದೊಡ್ಡ ಆಸ್ತಿ. ಕಳವಾಗಬಾರದು, ರಾತ್ರಿ ಕೆಮ್ಮಿದರೂ ಕೇಳಬೇಕು. ಅದಕ್ಕೇ ತಲೆಬಾಗಿಲ ಪಕ್ಕದಲ್ಲೇ ದನ ಮೇವು ತಿನ್ನುವ ಗ್ವಾದಲಿ, ಅಲ್ಲಿಂದ ಮೆಟ್ಟಿಲೆತ್ತರಕ್ಕೆ ಪಡಸಾಲೆ. ಮೂತ್ರ, ಸಗಣಿ ಮೇಲೆ ಬರುವುದಿಲ್ಲ, ಮೇಲೆ ಮಲಗಿದವರ ಕಣ್ಣು ದನದ ಮೇಲಿರುತ್ತದೆ. ಆದರೆ ತೊಂದರೆಯೂ ಇದೆ. ಗಾಳಿಯಾಡದ ಅಂಕಣದಲ್ಲಿ ಮೂತ್ರದ ಘಾಟು, ನೊಣ, ಉಣ್ಣೆ ಹುಳ. ಮನೆಯಲ್ಲಿ ಮಕ್ಕಳೂ ಇದ್ದಾರೆ, 74ರ ಹಿರಿಯರೂ ಇದ್ದಾರೆ, ಈ ಗಾಳಿ ಇಬ್ಬರಿಗೂ ಒಳ್ಳೆಯದಲ್ಲ. ನಿಮ್ಮ ತಮ್ಮನನ್ನು ನೇರವಾಗಿ ಕೇಳಿ. ಇನ್ನು ಹತ್ತು ವರ್ಷ ಎತ್ತು ಇಟ್ಟುಕೊಳ್ಳುತ್ತಾನೋ, ಟ್ರ್ಯಾಕ್ಟರ್ ಬಾಡಿಗೆಗೆ ಹೋಗುತ್ತಾನೋ? ಇಟ್ಟುಕೊಳ್ಳುತ್ತಾನೆ ಎಂದರೆ ಅಂಕಣಕ್ಕೆ ಎದುರುಬದುರು ಎರಡು ಕಿಂಡಿ, ಫರಸಿ ನೆಲ, ಮೂತ್ರ ಹರಿಯುವ ಕಾಲುವೆ, ಹೊರಗೆ ಗುಂಡಿ ಮಾಡಿ. ಅಂಕಣಕ್ಕೂ ಪಡಸಾಲೆಗೂ ನಡುವೆ ಅರ್ಧ ಎತ್ತರದ ಗೋಡೆ, ಅದರ ಮೇಲೆ ಮುಚ್ಚಿ ತೆರೆಯುವ ಬಾಗಿಲು ಇರಲಿ. ದನ ಮಾರುತ್ತೇನೆ ಎಂದರೆ ಅದೇ ಅಂಕಣ ಒಳ್ಳೆಯ ಕೋಣೆಯಾಗುತ್ತದೆ, ಚೀಲ ಇಡಲು, ಟ್ರ್ಯಾಕ್ಟರ್ ಸಾಮಾನು ಇಡಲು ಜಾಗವಾಗುತ್ತದೆ.

ಪಡಸಾಲೆಯನ್ನು ಉಳಿಸಿ ಎಂದು ನಾನು ಕೇಳಿಕೊಳ್ಳುವುದು ಅದರ ಚೆಲುವಿಗಲ್ಲ. ಮದುವೆ, ಕುಬಸ (ಸೀಮಂತ), ಮಕ್ಕಳ ತೊಟ್ಟಿಲು ಎಲ್ಲ ಅಲ್ಲೇ. ಸಾವಾದಾಗ ಊರಿನವರು ಬಂದು ಕೂತು ರಾತ್ರಿಯಿಡೀ ಭಜನೆ ಮಾಡುವುದೂ ಅಲ್ಲೇ. ಹತ್ತು ಅಡಿಯ ಹಾಲಿನಲ್ಲಿ ಸೋಫಾ ಸರಿಸಿ, ಶವಕ್ಕೆ ಜಾಗ ಮಾಡಲು ಒದ್ದಾಡಿದ ಮನೆಗೆ ನಾನು ಹೋಗಿದ್ದೇನೆ. ಮನೆಯವರ ಸಂಕಟ ನೋಡಲಾಗಲಿಲ್ಲ.

ಅದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳಬೇಕು. ಹಳೆ ಮನೆಯಲ್ಲಿ ಉಳಿಸಬಾರದ್ದೂ ಇದೆ. ತಿಂಗಳಿನ ದಿನಗಳಲ್ಲಿ ಹೆಣ್ಣುಮಕ್ಕಳನ್ನು ಕೂರಿಸುತ್ತಿದ್ದ ಕತ್ತಲ ಮೂಲೆ, ಇಂಥ ಜಾತಿಯವರು ಕಟ್ಟೆ ದಾಟಬಾರದು ಎಂದು ಇಟ್ಟ ಗಡಿ, ಕಿಟಕಿಯಿಲ್ಲದ ಅಡುಗೆಮನೆ. ಇವೂ ನಮ್ಮ ಸಂಸ್ಕೃತಿ ಬರೆದ ನಕ್ಷೆಯೇ. ದುರಸ್ತಿ ಮಾಡುವಾಗ ಇವನ್ನು ಅಳಿಸಲು ಅವಕಾಶ ಸಿಗುತ್ತದೆ. ಬಾಣಂತಿ ಕೋಣೆ ಬೆಚ್ಚಗಿರಲಿ, ಆದರೆ ಅದಕ್ಕೂ ಒಂದು ಕಿಟಕಿ ಇಡಿ. ಬೆಳಕು ತಾಯಿಗೂ ಬೇಕು, ಕೂಸಿಗೂ ಬೇಕು.

ಈಗ ನಿಮ್ಮ ಮುಂದಿರುವ ದಾರಿಗಳು.

ಹಳೆ ಕಲ್ಲು-ಮಣ್ಣಿನ ಗೋಡೆಯ ಮೇಲೆ ಆರ್‌ಸಿಸಿ ಸ್ಲ್ಯಾಬ್ ಹಾಕುವುದನ್ನು ಮನಸ್ಸಿನಿಂದಲೇ ತೆಗೆದುಬಿಡಿ. ಸ್ಲ್ಯಾಬಿನ ಭಾರ ಕಡಿಮೆ ನಿಜ. ಆದರೆ ಈಗ ಮಾಳಿಗೆಯ ಭಾರದ ದೊಡ್ಡ ಪಾಲು ಕಂಬಗಳ ಮೇಲಿದೆ. ಕಂಬ ತೆಗೆದು ಸ್ಲ್ಯಾಬ್ ಕೂರಿಸಿದರೆ ಎಲ್ಲ ಭಾರ ಆ ಉಬ್ಬಿದ ಗೋಡೆಗಳ ಮೇಲೆ ಬೀಳುತ್ತದೆ. ನೆಲ ನಡುಗಿದರೆ ಸ್ಲ್ಯಾಬ್ ಒಂದೇ ತುಂಡಾಗಿ ಕೆಳಗೆ ಬರುತ್ತದೆ. ಅಗ್ಗ ಎಂದು ಇದನ್ನು ಸೂಚಿಸುವವರ ಮಾತು ಕೇಳಬೇಡಿ.

ಮಣ್ಣು ತೆಗೆದು ತಗಡು ಹಾಕುವುದು ಊರೂರಲ್ಲಿ ನಡೆದಿದೆ. ಭಾರ ಇಳಿಯುತ್ತದೆ, ಸೋರಿಕೆ ನಿಲ್ಲುತ್ತದೆ, ಖರ್ಚೂ ಕಡಿಮೆ. ಆದರೆ ಬರಿಯ ತಗಡಿನ ಕೆಳಗೆ ಮಧ್ಯಾಹ್ನ ಕೂರಲಾಗುವುದಿಲ್ಲ. ಬಿರುಗಾಳಿಗೆ ಹಾರುವ ಭಯವೂ ಇದೆ. ಮಾಡುವುದಾದರೆ ಜಂತಿ, ಚಕ್ಕೆ ಉಳಿಸಿಕೊಂಡು, ಅದರ ಮೇಲೆ ಎರಡು-ಮೂರು ಇಂಚು ಮಣ್ಣಿನ ಗಿಲಾವು ಮಾಡಿ, ಒಂದೂವರೆ ಅಡಿ ಮೇಲೆ ತಗಡು ಹಾಕಿ. ನಡುವೆ ಗಾಳಿ ಓಡಾಡಬೇಕು. ಹಾಗೆ ಮಾಡಿದರೆ ಸಹಿಸಬಹುದು. ಆದರೆ ಮೆಣಸಿನಕಾಯಿ, ಶ್ಯಾವಿಗೆ ಒಣಗಿಸುವ ಮಾಳಿಗೆ, ಬೇಸಿಗೆಯಲ್ಲಿ ಮಲಗುವ ಮಾಳಿಗೆ ಇರುವುದಿಲ್ಲ.

ಪೂರ್ತಿ ಕೆಡವುವುದು ಕೆಲವೊಮ್ಮೆ ಸರಿಯಾದ ದಾರಿಯೇ. ಎರಡು-ಮೂರು ಕಡೆ ಗೋಡೆ ಉಬ್ಬಿದ್ದರೆ, ತೊಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೊಳೆತಿದ್ದರೆ ನಾನೇ ಕೆಡವಿ ಎನ್ನುತ್ತೇನೆ. ಹೊಳೆಯ ನೀರು ಬರುವ ಜಾಗದಲ್ಲಿದ್ದ ಮನೆಗೂ ಅದನ್ನೇ ಹೇಳುತ್ತಿದ್ದೆ, ಯಾಕೆಂದರೆ ಮಣ್ಣಿನ ಗೋಡೆ ನಿಂತ ನೀರನ್ನು ತಾಳುವುದಿಲ್ಲ. ಆದರೆ ಒಂದು ಎಚ್ಚರ. ನಿಮ್ಮ ಓಣಿಯಲ್ಲಿ ಎರಡು ಮನೆಗೆ ಒಂದೇ ಗೋಡೆ ಇರುವುದುಂಟು. ಅಂಥ ಗೋಡೆ ಕೆಡವಿದರೆ ಪಕ್ಕದವರ ಮಾಳಿಗೆ ಬೀಳುತ್ತದೆ, ಕೋರ್ಟು-ಕಚೇರಿ ಶುರುವಾಗುತ್ತದೆ. ಅಜ್ಜನ ಸಾಗವಾನಿಯನ್ನು ಸೌದೆಯ ಬೆಲೆಗೆ ಕೊಂಡುಕೊಳ್ಳಲು ಜನ ಕಾದಿರುತ್ತಾರೆ ಎನ್ನುವುದೂ ನೆನಪಿರಲಿ.

ನೀವು ಬರೆದದ್ದು ಮಾತ್ರ ನಿಜವಾಗಿ, ಉಬ್ಬು ಹಿತ್ತಲ ಗೋಡೆಯಲ್ಲಷ್ಟೇ ಇದ್ದರೆ, ನಾನು ಹೇಳುವುದು ಇದು. ಮುಂದಿನ ಭಾಗ, ಅಂದರೆ ದನದ ಅಂಕಣ, ಪಡಸಾಲೆ, ದೇವರ ಮನೆ ಉಳಿಸಿ. ಹಿಂದಿನ ಭಾಗ, ಸೋರುವ ಅಡುಗೆಮನೆ, ಉಬ್ಬಿದ ಗೋಡೆ ಕೆಡವಿ ಹೊಸದಾಗಿ ಕಟ್ಟಿ. ಅಡುಗೆಮನೆ, ಬಚ್ಚಲು, ಶೌಚಾಲಯ, ಒಂದು ಮಲಗುವ ಕೋಣೆ ಹೊಸ ಭಾಗದಲ್ಲಿ ಬರಲಿ. ನೀರಿನ ಕೆಲಸವೆಲ್ಲ ಹೊಸ ಭಾಗದಲ್ಲೇ ಇರುವುದು ಬಹಳ ಮುಖ್ಯ. ಮಣ್ಣಿನ ಗೋಡೆಯೊಳಗೆ ನಲ್ಲಿ ಪೈಪು ಹಾಯಿಸಿದರೆ, ಕಾಣದ ಒಂದು ಸೋರಿಕೆ ಸಾಕು, ಬುಡ ಕರಗುತ್ತದೆ. ಹಳೆ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಕೂಡ ಬೇಡ. ಒಳಗಿನ ತೇವ ಹೊರಬರಲಾಗದೆ ಗೋಡೆ ಉಪ್ಪು ಹಿಡಿದು ಹಕ್ಕಳೆ ಏಳುತ್ತದೆ. ಮಣ್ಣು ಅಥವಾ ಸುಣ್ಣದ ಗಿಲಾವು ಸಾಕು. ಉಳಿಸಿದ ಗೋಡೆಗಳಲ್ಲಿ ಎರಡು ಅಡಿ ಎತ್ತರಕ್ಕೊಂದು ಸಾಲು, ಸಾಲಿನಲ್ಲಿ ನಾಲ್ಕು ಅಡಿಗೊಂದರಂತೆ ತೂತು ಕೊರೆದು, ಸರಳು ಇಟ್ಟು ಕಾಂಕ್ರೀಟ್ ತುಂಬಿಸಿ. ಆ ಹಾಯುವ ಕಲ್ಲಿನ ಕೆಲಸವನ್ನು ಅದು ಮಾಡುತ್ತದೆ. ಕಿಲ್ಲಾರಿಯ ಪೆಟ್ಟಿನ ನಂತರ ಉಳಿದ ಮನೆಗಳನ್ನು ಗಟ್ಟಿ ಮಾಡಲು ಇದೇ ಉಪಾಯ ಹೇಳಿಕೊಟ್ಟರು.

ಮುಂಭಾಗದ ಮಾಳಿಗೆಯ ಮಣ್ಣನ್ನು ಜಂತಿಯ ತನಕ ಇಳಿಸಿ. ಕೊಳೆತ ಜಂತಿ ಬದಲಾಯಿಸಿ. ಕೆಡವಿದ ಹಿಂಭಾಗದ ಒಳ್ಳೆಯ ಮರ ಇಲ್ಲಿಗಾಗುತ್ತದೆ. ಮೇಲೆ ಫರಸಿ ಅಥವಾ ಹಲಗೆ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಆಮೇಲೆ ಸುಣ್ಣ ಬೆರೆಸಿದ ಆರು ಇಂಚು ಮಣ್ಣು, ಮೇಲೆ ಸವಳು. ಭಾರ ಅರ್ಧಕ್ಕಿಳಿಯುತ್ತದೆ, ತಂಪು ಉಳಿಯುತ್ತದೆ. ತೊಂದರೆ ಎಂದರೆ ಈ ಕೆಲಸ ಬಲ್ಲ ಬಡಿಗೇರರು ಕಡಿಮೆ, ಅವರಿಗಾಗಿ ಕಾಯಬೇಕು. ಎರಡು-ಮೂರು ವರ್ಷಕ್ಕೊಮ್ಮೆ ಮೇಲೆ ಹತ್ತಿ ನೋಡಲೇಬೇಕು. ಹಳೆಯದನ್ನು ಕೆರೆಯದೆ ಹೊಸ ಮಣ್ಣು ಹಾಕಬಾರದು. ಅದಕ್ಕೆ ನಿಮ್ಮ ತಮ್ಮ ಒಪ್ಪದಿದ್ದರೆ ಈ ದಾರಿ ಬೇಡ. ಮನಸ್ಸಿಲ್ಲದವರ ಕೈಗೆ ಮಣ್ಣಿನ ಮಾಳಿಗೆ ಒಪ್ಪಿಸುವುದು ತಪ್ಪು.

ಹಿಂಭಾಗಕ್ಕೆ ಆರ್‌ಸಿಸಿ ಹಾಕಿ, ಆದರೆ ಪಕ್ಕದವರ ಹಾಗಲ್ಲ. ಸ್ಲ್ಯಾಬಿನ ಕೆಳಗಿನ ಅರ್ಧದಲ್ಲಿ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ, ಎಳೆತವನ್ನು ಸರಳು ಹೊರುತ್ತದೆ. ಅಲ್ಲಿ ಜೋಡಿ ಮಂಗಳೂರು ಹಂಚು ಕೂರಿಸಿದರೆ ಕಾಂಕ್ರೀಟ್ ಉಳಿಯುತ್ತದೆ, ಹಂಚಿನ ನಡುವಿನ ಗಾಳಿ ಕಾವನ್ನು ತಡೆಯುತ್ತದೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನು ಸಾಮಾನ್ಯ ಜನರ ಮನೆಗಳಿಗೆ ತಂದರು. ಮೇಲೆ ಬಿಳಿ ಟೈಲ್ಸ್ ಚೂರು ಹಾಸಿದರೆ ಕೆಳಗಿನ ಕೋಣೆ ಇನ್ನೂ ಕೆಲವು ಡಿಗ್ರಿ ತಂಪಾಗುತ್ತದೆ. ಬಾಗಿಲು-ಕಿಟಕಿಯ ಮೇಲ್ಮಟ್ಟದಲ್ಲಿ ಸುತ್ತಲೂ ಒಂದೇ ಪಟ್ಟಿ ಕಾಂಕ್ರೀಟ್ ಬೀಮ್ ಓಡಬೇಕು. ಹಳೆ ಭಾಗಕ್ಕೆ ಹೊಸ ಕಟ್ಟಡ ತಾಗುವ ಕಡೆಯೆಲ್ಲ ಒಂದು ಇಂಚು ಸಂದು ಬಿಡಿಸಿ. ಎರೆ ನೆಲದಲ್ಲಿ ಎರಡೂ ಒಂದೇ ರೀತಿ ಕೂರುವುದಿಲ್ಲ. ಕಟ್ಟಿಹಾಕಿದರೆ ಒಂದು ಇನ್ನೊಂದನ್ನು ಎಳೆಯುತ್ತದೆ.

ವಾಸ್ತುವಿನ ಬಗ್ಗೆ ಕೇಳಿದ್ದೀರಿ. ನಂಬುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಶೌಚಾಲಯ ದೂರ ಇರಬೇಕು ಎಂಬ ಮಾತಿಗೆ ಒಂದು ಕಾಲದಲ್ಲಿ ಅರ್ಥವಿತ್ತು, ಆಗ ನೀರು ಹಾಕಿ ತೊಳೆಯುವ ಕಮೋಡ್ ಇರಲಿಲ್ಲ. ಇವತ್ತು ನಿಮ್ಮ ಮನೆಯಲ್ಲಿರುವ ಪ್ರಶ್ನೆ 74 ವರ್ಷದವರು ರಾತ್ರಿ ಎರಡಕ್ಕೆ ಕತ್ತಲಲ್ಲಿ, ಮಳೆಯಲ್ಲಿ ಹಿತ್ತಲಿಗೆ ಹೋಗಬೇಕೇ ಎಂಬುದು. ಹಳೆ ಮತ್ತು ಹೊಸ ಭಾಗದ ನಡುವೆ ಐದು ಅಡಿಯ ಸಣ್ಣ ಅಂಗಳ ಬಿಟ್ಟು, ಅದಕ್ಕೆ ಮೇಲ್ಚಾವಣಿ ಹಾಕಿ, ಆಚೆ ಬದಿಗೆ ಶೌಚಾಲಯ ಇಡಿ. ಮನೆಗೆ ಹತ್ತಿಲ್ಲ ಎಂದು ಹಿರಿಯರಿಗೂ ಸಮಾಧಾನ, ಅಡುಗೆಮನೆಗೆ ಬೆಳಕು-ಗಾಳಿಯೂ ಸಿಗುತ್ತದೆ. ದಾರಿಯಲ್ಲಿ ಹೊಸ್ತಿಲು ಬೇಡ, ಗೋಡೆಗೆ ಹಿಡಿಕೆ ಇರಲಿ. ಎರೆ ಮಣ್ಣು ನೀರು ಹೀರುವುದು ನಿಧಾನ, ಆದ್ದರಿಂದ ಇಂಗುಗುಂಡಿ ದೊಡ್ಡದಿರಲಿ, ಹಳೆ ಗೋಡೆಯಿಂದ ಕನಿಷ್ಠ ಹತ್ತು ಅಡಿ ದೂರವಿರಲಿ. ವಾಸ್ತುವಿಗಾಗಿ ಹಳೆ ಗೋಡೆಯಲ್ಲಿ ಬಾಗಿಲು ಒಡೆಯುವುದು, ಕಂಬ ಸರಿಸುವುದು ಮಾತ್ರ ಬೇಡವೇ ಬೇಡ.

ದುಡ್ಡು ಒಮ್ಮೆಲೇ ಹೊಂದದಿದ್ದರೆ ಹಂತಹಂತವಾಗಿ ಮಾಡಿ, ಅದರಲ್ಲಿ ಅವಮಾನವಿಲ್ಲ. ವಾಸ್ತುಶಿಲ್ಪಿ ಬಿ.ವಿ. ದೋಶಿ ಇಂದೋರಿನ ಅರಣ್ಯ ಬಡಾವಣೆಯಲ್ಲಿ ಬಡ ಕುಟುಂಬಗಳಿಗೆ ಕೊಟ್ಟದ್ದು ತಳಪಾಯ, ನೀರು, ಶೌಚಾಲಯ ಇಷ್ಟೇ. ಕೈಯಲ್ಲಿ ಕಾಸು ಬಂದ ಹಾಗೆ ಜನ ತಮಗೆ ಬೇಕಾದ ಕೋಣೆ, ಕಟ್ಟೆ, ಅಂಗಡಿ ಸೇರಿಸಿಕೊಂಡರು. ನೀವೂ ಹಿಂಭಾಗದ ಪಾಯವನ್ನು ಮೇಲೊಂದು ಮಹಡಿ ಹೊರುವಷ್ಟು ಗಟ್ಟಿ ಹಾಕಿಸಿ. ನಾಳೆ ನೀವು ಊರಿಗೆ ವಾಪಸ್ ಬರಬಹುದು, ಅಣ್ಣ-ತಮ್ಮಂದಿರ ವಾಟ್ನಿಯೂ (ಆಸ್ತಿ ಪಾಲು) ಆಗಬಹುದು. ಪಡಸಾಲೆಯ ನಡುವೆ ಗೋಡೆ ಎಬ್ಬಿಸಿ ಬೆಳಕಿಂಡಿಯನ್ನು ಇಬ್ಭಾಗ ಮಾಡಿಕೊಂಡ ಮನೆಗಳನ್ನು ನೋಡಿ ನನಗೆ ಸಾಕಾಗಿದೆ. ನಿಮ್ಮ ಪಾಲಿನ ಕೋಣೆಗಳು ಹಿಂದೆ ಮೇಲೆ ಬರಲಿ ಎಂದು ಈಗಲೇ ಇಬ್ಬರೂ ಮಾತಾಡಿಕೊಳ್ಳಿ.

ಕೆಲಸದ ಕ್ರಮ ಹೀಗಿರಲಿ. ಸುಗ್ಗಿ ಮುಗಿದು ಚೀಲಗಳು ಖಾಲಿಯಾದ ಮೇಲೆ ಹಿಂಭಾಗ ಶುರು ಮಾಡಿ. ಅದು ಮುಗಿಯುವ ತನಕ ಮನೆಯವರೆಲ್ಲ ಮುಂಭಾಗದಲ್ಲೇ ಇರಬಹುದು, ಪಡಸಾಲೆಯ ಪಕ್ಕ ತಾತ್ಕಾಲಿಕ ಒಲೆ ಹೂಡಿದರೆ ಸಾಕು. ಮುಂಭಾಗದ ಮಾಳಿಗೆ ಬಿಚ್ಚುವುದು ಮುಂದಿನ ವರ್ಷ, ಯುಗಾದಿ ಕಳೆದ ಮೇಲೆ. ರೋಹಿಣಿ ಮಳೆಗೆ ಮುಂಚೆ ಸವಳು ಹಾಕಿ ಮುಗಿದಿರಬೇಕು. ಆಗ ಮೂರು-ನಾಲ್ಕು ವಾರ ಅವ್ವ ಹಿಂದಿನ ಹೊಸ ಕೋಣೆಯಲ್ಲಿ ಮಲಗಬೇಕಾಗುತ್ತದೆ. ಅದನ್ನು ಅವರಿಗೆ ಈಗಲೇ, ನೀವೇ ಊರಿಗೆ ಹೋಗಿ, ಎದುರಿಗೆ ಕೂತು ಹೇಳಿ. ಯಾವ ತೊಲೆ ಯಾವ ವರ್ಷ ಬದಲಾಯಿಸಿದರು, ಸವಳು ಯಾವ ಹಳ್ಳದಿಂದ ತರುತ್ತಿದ್ದರು, ಮೊದಲು ಸೋರಿದ್ದು ಎಲ್ಲಿ ಎಂದೂ ಕೇಳಿ ಬರೆದುಕೊಳ್ಳಿ. ನಿಮ್ಮ ಎಂಜಿನಿಯರ್ ಬಂದಾಗ ಮೊದಲು ಕೇಳುವುದು ಅದನ್ನೇ.